ಯುದೆನಿಚ್ ಅವರ ಪದಕಗಳನ್ನು ಹೇಗೆ ಓದಬೇಕು? ರಷ್ಯಾ ಸಾಮ್ರಾಜ್ಯದ ಒಬ್ಬ ಪದಾತಿ ಅಧಿಕಾರಿಯ ವೃತ್ತಿಜೀವನದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಧಾರವಾಡದ ಓದುಗ

ಎಲ್ಲರಿಗೂ ನಮಸ್ಕಾರ. 1918ರ ಸೆಪ್ಟೆಂಬರ್‌ನಲ್ಲಿ ಹೈಫಾ ಪಟ್ಟಣವನ್ನು ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕುರಿತು ಓದುತ್ತಿದ್ದಾಗ, ಅದೇ ಒಟ್ಟೋಮನ್ ಸೇನೆಯನ್ನು ಉತ್ತರದ ಕಾಕಸಸ್ ಕಡೆಯಿಂದ ಎದುರಿಸಿದವರು ಯಾರು ಎಂಬ ಕುತೂಹಲ ಹುಟ್ಟಿತು. ಹುಡುಕುತ್ತಾ ಹೋದಾಗ ನಿಕೊಲಾಯ್ ನಿಕೊಲಾಯೆವಿಚ್ ಯುದೆನಿಚ್ ಎಂಬ ರಷ್ಯನ್ ಜನರಲ್ ಹೆಸರು ಸಿಕ್ಕಿತು. ಚಿತ್ರದಲ್ಲಿ ಗಿಡ್ಡ, ದಪ್ಪ ಮೈಕಟ್ಟಿನ, ಇಳಿಬಿದ್ದ ದೊಡ್ಡ ಮೀಸೆಯ ವ್ಯಕ್ತಿ. ಕೊರಳಿನಲ್ಲಿ ಬಿಳಿಯ ಶಿಲುಬೆ. ಅವರಿಗೆ ಸಂತ ಜಾರ್ಜ್ ಪದಕದ ನಾಲ್ಕನೆಯ, ಮೂರನೆಯ ಮತ್ತು ಎರಡನೆಯ ದರ್ಜೆಗಳು ದೊರೆತಿದ್ದವು ಎಂದು ಓದಿದೆ.

ನನಗೆ ತಿಳಿಯದಿರುವುದು ಇಷ್ಟು. ಅವರನ್ನು ‘ಪದಾತಿ ದಳದ ಜನರಲ್’ ಎಂದು ಕರೆಯುತ್ತಾರೆ, ಆದರೆ ವೃತ್ತಿಜೀವನದ ಬಹುಪಾಲು ವರ್ಷಗಳನ್ನು ಅವರು ಕಚೇರಿಯಲ್ಲಿ, ಅಂದರೆ ಸೇನಾ ಸಿಬ್ಬಂದಿ ವಿಭಾಗದಲ್ಲಿ ಕಳೆದಂತೆ ಕಾಣುತ್ತದೆ. ಹಾಗಿದ್ದರೆ ಈ ಪದಕಗಳು ಸ್ವಂತ ಧೈರ್ಯಕ್ಕೆ ಬಂದವೋ, ಹುದ್ದೆಗೆ ಬಂದವೋ? ಕಾಕಸಸ್‌ನಲ್ಲಿ ಒಂದು ಸೋಲನ್ನೂ ಕಾಣದ ವ್ಯಕ್ತಿ 1919ರಲ್ಲಿ ಪೆಟ್ರೊಗ್ರಾಡ್ (ಸೇಂಟ್ ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಬಾಗಿಲಿನವರೆಗೆ ಹೋಗಿ ಎಲ್ಲವನ್ನೂ ಕಳೆದುಕೊಂಡದ್ದು ಹೇಗೆ? ಇನ್ನೊಂದು ಸಣ್ಣ ಗೊಂದಲವೂ ಇದೆ: ಒಟ್ಟೋಮನ್ನರ ಎರ್ಜುರುಮ್ ಕೋಟೆ 1916ರಲ್ಲಿ ಬಿದ್ದ ದಿನವನ್ನು ಒಂದು ಕಡೆ ಫೆಬ್ರವರಿ 3 ಎಂದೂ ಇನ್ನೊಂದು ಕಡೆ ಫೆಬ್ರವರಿ 16 ಎಂದೂ ಕೊಟ್ಟಿದ್ದಾರೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಕಾಲಮಾಪಕ

ಮೊದಲು ದಿನಾಂಕದ ಗೊಂದಲವನ್ನು ಬಿಡಿಸುತ್ತೇನೆ. ರಷ್ಯಾ ಸಾಮ್ರಾಜ್ಯದಲ್ಲಿ ಹಳೆಯ ಜೂಲಿಯನ್ ಪಂಚಾಂಗ ಚಾಲ್ತಿಯಲ್ಲಿತ್ತು; ಅದು ನಾವು ಬಳಸುವ ಪಂಚಾಂಗಕ್ಕಿಂತ ಹತ್ತೊಂಬತ್ತನೆಯ ಶತಮಾನದಲ್ಲಿ 12 ದಿನ, ಇಪ್ಪತ್ತನೆಯ ಶತಮಾನದಲ್ಲಿ 13 ದಿನ ಹಿಂದಿತ್ತು. ಆದ್ದರಿಂದ ಎರಡೂ ದಿನಾಂಕಗಳು ಸರಿ. ನಾನು ಮುಂದೆ ಹೊಸ ಪಂಚಾಂಗದ ದಿನಾಂಕಗಳನ್ನೇ ಕೊಡುತ್ತೇನೆ.

ಯುದೆನಿಚ್ ಹುಟ್ಟಿದ್ದು 1862ರ ಜುಲೈ 30ರಂದು, ಮಾಸ್ಕೋದಲ್ಲಿ, ಒಬ್ಬ ನಾಗರಿಕ ಅಧಿಕಾರಿಯ ಮಗನಾಗಿ. ಅದೇ ನಗರದ ಅಲೆಕ್ಸಾಂಡರ್ ಸೈನಿಕ ಶಾಲೆಯಿಂದ 1881ರಲ್ಲಿ ಹೊರಬಂದು ವಾರ್ಸಾದಲ್ಲಿ ಬೀಡುಬಿಟ್ಟಿದ್ದ ಲಿಥುವೇನಿಯನ್ ಗಾರ್ಡ್ಸ್ ರೆಜಿಮೆಂಟ್ ಎಂಬ ಪದಾತಿ ಪಡೆಯನ್ನು ಸೇರಿದರು. ಗಾರ್ಡ್ಸ್ ಪಡೆಯಲ್ಲಿ ಸೇವೆ ಆರಂಭಿಸುವುದೇ ಒಂದು ದೊಡ್ಡ ಅನುಕೂಲವಾಗಿತ್ತು. ಸಾಮಾನ್ಯ ಪದಾತಿ ರೆಜಿಮೆಂಟಿನ ಅಧಿಕಾರಿ ಕ್ಯಾಪ್ಟನ್ ಹುದ್ದೆಯಲ್ಲಿ ವರ್ಷಾನುಗಟ್ಟಲೆ ಕಾಯಬೇಕಿತ್ತು, ಅನೇಕರು ಅಲ್ಲಿಯೇ ನಿವೃತ್ತರಾಗುತ್ತಿದ್ದರು. ಗಾರ್ಡ್ಸ್‌ನಲ್ಲಾದರೋ ಲೆಫ್ಟಿನೆಂಟ್ ಕರ್ನಲ್ ಎಂಬ ಮೆಟ್ಟಿಲೇ ಇರಲಿಲ್ಲ, ಕ್ಯಾಪ್ಟನ್ ಆದವನ ಮುಂದಿನ ಬಡ್ತಿ ನೇರವಾಗಿ ಕರ್ನಲ್. ಈ ಅಂತರ ಅರ್ಥವಾಗಬೇಕಾದರೆ ಇನ್ನೊಬ್ಬ ಪ್ರಸಿದ್ಧ ಜನರಲ್ ಆಂತೊನ್ ದೆನಿಕಿನ್ ಅವರ ತಂದೆಯನ್ನು ನೆನೆಯಬೇಕು. ಅವರು ಸರಾತೊವ್ ಪ್ರಾಂತ್ಯದ ಜೀತದ ರೈತರಾಗಿ ಹುಟ್ಟಿ, ಬಲವಂತದ ಭರ್ತಿಯಲ್ಲಿ ಸಿಪಾಯಿಯಾಗಿ, ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದ ಮೇಲೆ ಪರೀಕ್ಷೆ ಬರೆದು ಅಧಿಕಾರಿಯಾಗಿ, ಕೊನೆಗೆ ಮೇಜರ್ ಹುದ್ದೆಯಲ್ಲಿ ನಿವೃತ್ತರಾದರು.

ಎರಡನೆಯ ಏಣಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯೆವ್ ಜನರಲ್ ಸ್ಟಾಫ್ ಅಕಾಡೆಮಿ. ಕೆಲವು ವರ್ಷ ಪಡೆಯಲ್ಲಿ ಸೇವೆ ಮಾಡಿದ ಅಧಿಕಾರಿಗಳು ಕಠಿಣ ಪ್ರವೇಶ ಪರೀಕ್ಷೆ ಬರೆದು ಇಲ್ಲಿ ಓದುತ್ತಿದ್ದರು. ಯುದೆನಿಚ್ 1887ರಲ್ಲಿ ಇಲ್ಲಿಂದ ಪ್ರಥಮ ವರ್ಗದಲ್ಲಿ ತೇರ್ಗಡೆಯಾದರು. ಆ ಮೇಲೆ ವಾರ್ಸಾ ಮತ್ತು ತುರ್ಕೆಸ್ತಾನ್ ಸೈನಿಕ ವಲಯಗಳಲ್ಲಿ ಸಿಬ್ಬಂದಿ ಹುದ್ದೆಗಳು, 1894ರಲ್ಲಿ ಪಾಮಿರ್ ದಂಡಯಾತ್ರೆ, 1896ರಲ್ಲಿ ಕರ್ನಲ್ ಪದವಿ. ಮೂವತ್ತನಾಲ್ಕನೆಯ ವಯಸ್ಸಿಗೆ ಕರ್ನಲ್ ಆಗುವುದು ಆ ಸೇನೆಯಲ್ಲಿ ಬಹುಮಟ್ಟಿಗೆ ಅಕಾಡೆಮಿ ಓದಿದವರಿಗೆ ಸಾಧ್ಯವಾಗುತ್ತಿದ್ದ ವೇಗ.

ಆದರೆ 1902ರಲ್ಲಿ ಅವರಿಗೆ 18ನೇ ರೈಫಲ್ ರೆಜಿಮೆಂಟಿನ ನೇತೃತ್ವ ಸಿಕ್ಕಿತು. ಆ ರೆಜಿಮೆಂಟಿನೊಂದಿಗೆ ಅವರು ಜಪಾನ್ ವಿರುದ್ಧದ ಯುದ್ಧಕ್ಕೆ ಮಂಚೂರಿಯಾಕ್ಕೆ ಹೋದರು. ತಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲಿದೆ. 1905ರ ಜನವರಿಯಲ್ಲಿ ಸಾಂದೇಪು ಕದನದಲ್ಲಿ ಅವರ ತೋಳಿಗೆ ಗಾಯವಾಯಿತು. ಮುಂದೆ ಮುಕ್ದೆನ್ ಕದನದಲ್ಲಿ ಗುಂಡು ಕೊರಳಿಗೆ ತಗುಲಿತು. ರೆಜಿಮೆಂಟಿನ ಕಮಾಂಡರ್ ಒಬ್ಬನ ಕೊರಳಿಗೆ ರೈಫಲ್ ಗುಂಡು ತಗಲಬೇಕಾದರೆ ಅವನು ಎಲ್ಲಿ ನಿಂತಿದ್ದನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಆ ಯುದ್ಧದಿಂದ ಅವರು ‘ಶೌರ್ಯಕ್ಕಾಗಿ’ ಎಂದು ಕೆತ್ತಿದ ಚಿನ್ನದ ಕತ್ತಿ ಮತ್ತು ಮೇಜರ್ ಜನರಲ್ ಪದವಿಯೊಂದಿಗೆ ಮರಳಿದರು.

ಈಗ ಪದಕಗಳ ಕ್ರಮ. ರಷ್ಯನ್ ಅಧಿಕಾರಿಯ ಎದೆಯ ಮೇಲೆ ಎರಡು ಬಗೆಯ ಗೌರವಗಳಿರುತ್ತಿದ್ದವು, ಅವನ್ನು ಬೇರೆಬೇರೆಯಾಗಿ ಓದಬೇಕು. ಸ್ಟಾನಿಸ್ಲಾವ್, ಅನ್ನಾ, ವ್ಲಾದಿಮಿರ್ ಎಂಬ ಸಂತರ ಹೆಸರಿನ ಪದಕಗಳು ಬಹುಮಟ್ಟಿಗೆ ಸೇವಾವಧಿ ಮತ್ತು ಹುದ್ದೆಯೊಂದಿಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿದ್ದವು. ಯುದ್ಧದಲ್ಲಿ ಗಳಿಸಿದ್ದಾದರೆ ಅವುಗಳ ಮೇಲೆ ಅಡ್ಡಕತ್ತಿಗಳ ಗುರುತು ಇರುತ್ತಿತ್ತು. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ತೀರ ಕೆಳಗಿನದು. ಅನ್ನಾ ಪದಕದ ನಾಲ್ಕನೆಯ ದರ್ಜೆಯನ್ನು ಎದೆಗೆ ಧರಿಸುತ್ತಿರಲಿಲ್ಲ, ಕತ್ತಿಯ ಹಿಡಿಗೆ ಕೂರಿಸುತ್ತಿದ್ದರು. ದುಂಡಗೆ, ಕೆಂಪಗೆ ಇದ್ದ ಅದನ್ನು ಅಧಿಕಾರಿಗಳು ಅಲ್ಲಿನ ಜೌಗು ನೆಲದಲ್ಲಿ ಬೆಳೆಯುವ ಕೆಂಪು ಹಣ್ಣಾದ ‘ಕ್ಲ್ಯೂಕ್ವ’ದ ಹೆಸರಿನಿಂದ ಕರೆಯುತ್ತಿದ್ದರು. ಕಿರಿಯ ಪದಾತಿ ಅಧಿಕಾರಿಯೊಬ್ಬ ಗುಂಡಿನ ಕಾಳಗವನ್ನು ಕಂಡಿದ್ದಾನೆ ಎಂಬುದಕ್ಕೆ ಅದೇ ಮೊದಲ ಸಾಕ್ಷಿ.

ಸಂತ ಜಾರ್ಜ್ ಪದಕ ಈ ಏಣಿಗೆ ಸೇರಿದ್ದಲ್ಲ. ಎರಡನೆಯ ಕ್ಯಾಥರೀನ್ 1769ರಲ್ಲಿ ಸ್ಥಾಪಿಸಿದ ಈ ಗೌರವಕ್ಕೆ ನಾಲ್ಕು ದರ್ಜೆಗಳಿದ್ದವು, ನಾಲ್ಕನೆಯದೇ ಆರಂಭದ್ದು. ನಿರ್ದಿಷ್ಟವಾದ ಯುದ್ಧಕಾರ್ಯವೊಂದನ್ನು ತೋರಿಸಬೇಕಿತ್ತು. ನಾಲ್ಕನೆಯ ದರ್ಜೆಯ ಅರ್ಹತೆಯನ್ನು ಆ ಪದಕ ಪಡೆದವರ ಮಂಡಳಿಯೇ ತೂಗಿ ನೋಡುತ್ತಿತ್ತು. ನಾಲ್ಕನೆಯ ದರ್ಜೆಯನ್ನು ಹೊಸದಾಗಿ ಸೇರಿದ ಕಿರಿಯ ಅಧಿಕಾರಿಯೂ ಗಳಿಸಬಹುದಿತ್ತು, ಆದರೆ ಮೇಲಿನ ದರ್ಜೆಗಳು ದೊಡ್ಡ ಪಡೆಗಳನ್ನು ನಡೆಸಿ ಗೆದ್ದವರಿಗೆ ಮಾತ್ರ. ಸಾಮ್ರಾಜ್ಯದ ಇಡೀ ಇತಿಹಾಸದಲ್ಲಿ ನಾಲ್ಕೂ ದರ್ಜೆಗಳನ್ನು ಪಡೆದವರು ಕುತುಜೊವ್, ಬಾರ್ಕ್ಲೇ ದ ತೊಲ್ಲಿ, ಪಸ್ಕೇವಿಚ್ ಮತ್ತು ದಿಬಿಚ್ ಎಂಬ ನಾಲ್ವರೇ. ಎರಡನೆಯ ದರ್ಜೆಯನ್ನು ಪಡೆದ ಕೊನೆಯ ರಷ್ಯನ್ ಸೇನಾನಿ ಯುದೆನಿಚ್. ತಾವು ಚಿತ್ರದಲ್ಲಿ ನೋಡಿದ ಕೊರಳಿನ ಬಿಳಿ ಶಿಲುಬೆ ಅದೇ ಇರಬೇಕು.

‘ಪದಾತಿ ದಳದ ಜನರಲ್’ ಎಂಬುದು ಕೆಲಸದ ವಿವರಣೆಯಲ್ಲ, ಶ್ರೇಣಿಯ ಹೆಸರು. ಲೆಫ್ಟಿನೆಂಟ್ ಜನರಲ್‌ಗಿಂತ ಮೇಲಿನ ಪೂರ್ಣ ಜನರಲ್ ಶ್ರೇಣಿಯನ್ನು ಅಲ್ಲಿ ವ್ಯಕ್ತಿಯ ಮೂಲ ದಳದ ಹೆಸರಿನೊಂದಿಗೆ ಹೇಳುವ ಪದ್ಧತಿಯಿತ್ತು. ಆದ್ದರಿಂದಲೇ ಬ್ರುಸಿಲೊವ್ ಅಶ್ವದಳದ ಜನರಲ್, ಯುದೆನಿಚ್ ಪದಾತಿ ದಳದ ಜನರಲ್.

ಉತ್ತರ: ಮಡಿಕೇರಿ ಸುಬೇದಾರ್

ಕಾಲಮಾಪಕ ಅವರು ಪದಕಗಳ ವ್ಯವಸ್ಥೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ಆ ಮೂರು ಶಿಲುಬೆಗಳು ಯಾವ ಕೆಲಸಕ್ಕೆ ಬಂದವು ಎಂಬುದನ್ನು ಹೇಳಲು ನನಗೆ ಅವಕಾಶ ಕೊಡಿ. ನಾನು ಪದಾತಿ ದಳದಲ್ಲಿ ಇಪ್ಪತ್ತಾರು ವರ್ಷ ಇದ್ದು ನಿವೃತ್ತನಾದವನು, ಅದರಲ್ಲಿ ಎರಡು ಚಳಿಗಾಲಗಳನ್ನು ಎತ್ತರದ ಹಿಮದ ಠಾಣೆಗಳಲ್ಲಿ ಕಳೆದಿದ್ದೇನೆ. ಆದ್ದರಿಂದ ಯುದೆನಿಚ್ ಅವರ ಯುದ್ಧಗಳನ್ನು ಓದುವಾಗ ನನ್ನ ಕಣ್ಣು ಭೂಪಟದ ಬಾಣದ ಗುರುತುಗಳಿಗಿಂತ ಮೊದಲು ಸೈನಿಕನ ಕಾಲಿನ ಕಡೆಗೆ ಹೋಗುತ್ತದೆ.

ಮೊದಲನೆಯದು ಸರಿಕಮಿಷ್. 1914ರ ಡಿಸೆಂಬರ್ ಕೊನೆಯ ವಾರದಲ್ಲಿ ಒಟ್ಟೋಮನ್ ಯುದ್ಧಮಂತ್ರಿ ಎನ್ವರ್ ಪಾಷಾ ತಾವೇ 3ನೇ ಸೇನೆಯ ನೇತೃತ್ವ ವಹಿಸಿ, ಒಂದು ಕೋರ್ (ಹಲವು ಡಿವಿಷನ್‌ಗಳ ದೊಡ್ಡ ಪಡೆ) ಎದುರಿನಿಂದ ರಷ್ಯನ್ನರನ್ನು ಹಿಡಿದಿಟ್ಟುಕೊಂಡಿರುವಾಗ ಉಳಿದೆರಡು ಕೋರ್‌ಗಳು ಅಲ್ಲಾಹುಎಕ್ಬರ್ ಬೆಟ್ಟಗಳ ಕಡೆಯಿಂದ ಸುತ್ತುವರಿದು ಸರಿಕಮಿಷ್ ರೈಲು ನಿಲ್ದಾಣವನ್ನು ಹಿಡಿಯಬೇಕೆಂದು ಯೋಜನೆ ಮಾಡಿದರು. ಕಾಗದದ ಮೇಲೆ ಅದು ಬಹಳ ಸೊಗಸಾದ ಯೋಜನೆ. ಆದರೆ ಆ ಸೈನಿಕರಲ್ಲಿ ಎಷ್ಟೋ ಜನರಿಗೆ ಚಳಿಗಾಲದ ಕೋಟು, ಗಟ್ಟಿಯಾದ ಬೂಟು ಇರಲಿಲ್ಲ. ಬೆಟ್ಟ ದಾಟುವಾಗಲೇ ಸಾವಿರಾರು ಮಂದಿ ನಿಂತಲ್ಲಿ, ಕುಳಿತಲ್ಲಿ ಹೆಪ್ಪುಗಟ್ಟಿದರು. ಅವರೂ ತಾಯಂದಿರ ಮಕ್ಕಳೇ. ಆ ಪುಟಗಳನ್ನು ನಾನು ಒಂದೇ ಉಸಿರಿಗೆ ಓದಲಾರೆ.

ರಷ್ಯನ್ನರ ಕಡೆಯೂ ಪರಿಸ್ಥಿತಿ ಕೆಟ್ಟದ್ದಾಗಿತ್ತು. ಕಾಕಸಸ್‌ನ ರಾಜಪ್ರತಿನಿಧಿ ವೊರೊಂತ್ಸೊವ್-ದಶ್ಕೊವ್ ವಯೋವೃದ್ಧರು, ತಿಫ್ಲಿಸ್ (ಇಂದಿನ ತ್ಬಿಲಿಸಿ) ನಗರದಲ್ಲಿದ್ದರು. ಅವರ ಪರವಾಗಿ ರಣರಂಗದಲ್ಲಿದ್ದ ಜನರಲ್ ಮಿಷ್ಲಾಯೆವ್ಸ್ಕಿ ಎಲ್ಲವೂ ಮುಗಿಯಿತೆಂದು ಭಾವಿಸಿ, ಹಿಮ್ಮೆಟ್ಟುವ ಆದೇಶ ಕೊಟ್ಟು ತಿಫ್ಲಿಸ್‌ಗೆ ಹೊರಟೇಬಿಟ್ಟರು. ಆಗ ಸೇನೆಯ ಸಿಬ್ಬಂದಿ ಮುಖ್ಯಸ್ಥರಾಗಿದ್ದ ಯುದೆನಿಚ್ 2ನೇ ತುರ್ಕೆಸ್ತಾನ್ ಕೋರ್‌ನ ಹೊಣೆಯನ್ನೂ ವಹಿಸಿಕೊಂಡಿದ್ದರು. ಅವರು ಅಲ್ಲಿಂದ ಕದಲಲಿಲ್ಲ. ಹಿಮ್ಮೆಟ್ಟಿದರೆ ಇರುವ ಒಂದೇ ದಾರಿಯನ್ನು ಶತ್ರು ಕತ್ತರಿಸುತ್ತಾನೆ, ನಿಂತರೆ ಚಳಿಯಲ್ಲಿ ಕರಗುವವನು ಶತ್ರುವೇ ಎಂಬುದು ಅವರ ಲೆಕ್ಕ. ಸರಿಕಮಿಷ್‌ನಲ್ಲಿ ಆಗಿದ್ದದ್ದು ಬೆರಳೆಣಿಕೆಯ ಸೈನಿಕರು. ತಿಫ್ಲಿಸ್ ಶಾಲೆಯಿಂದ ಆಗಷ್ಟೇ ಹೊರಬಂದ ಎಳೆಯ ಅಧಿಕಾರಿಗಳನ್ನೂ ದಾರಿಯಲ್ಲಿ ಸಿಕ್ಕ ಫಿರಂಗಿಗಳನ್ನೂ ಸೇರಿಸಿ ಕರ್ನಲ್ ಬುಕ್ರೆತೊವ್ ಅಲ್ಲಿ ರಕ್ಷಣೆ ಕಟ್ಟಿದರು. ಜನವರಿ ಮಧ್ಯಭಾಗದ ಹೊತ್ತಿಗೆ ಒಟ್ಟೋಮನ್ 3ನೇ ಸೇನೆಯ ಬಹುಪಾಲು ನಾಶವಾಗಿ, 9ನೇ ಕೋರ್‌ನ ಕಮಾಂಡರ್ ತಮ್ಮ ಸಿಬ್ಬಂದಿಯೊಂದಿಗೆ ಸೆರೆಯಾದರು. ಇದಕ್ಕೆ ನಾಲ್ಕನೆಯ ದರ್ಜೆಯ ಜಾರ್ಜ್ ಪದಕ, ಪದಾತಿ ದಳದ ಜನರಲ್ ಶ್ರೇಣಿ, ಕಾಕಸಸ್ ಸೇನೆಯ ನೇತೃತ್ವ ಮೂರೂ ಬಂದವು.

ಮೂರನೆಯ ದರ್ಜೆ 1915ರ ಬೇಸಿಗೆಯದು. ಮಲಾಜ್ಗಿರ್ತ್ ಪ್ರದೇಶದಲ್ಲಿ ರಷ್ಯನ್ ಕೋರ್ ಒಂದು ಪೆಟ್ಟು ತಿಂದು ಹಿಂದೆ ಸರಿಯಿತು. ಬೆನ್ನಟ್ಟಿ ಬಂದ ಅಬ್ದುಲ್ ಕೆರಿಮ್ ಪಾಷಾ ಅವರ ಪಡೆ ಸಾಕಷ್ಟು ಒಳಗೆ ಬರುವವರೆಗೆ ಯುದೆನಿಚ್ ಕಾದರು. ಗುಟ್ಟಾಗಿ ಕೂಡಿಸಿಟ್ಟಿದ್ದ ಪಡೆಯನ್ನು ಬರಾತೊವ್ ನೇತೃತ್ವದಲ್ಲಿ ಅವರ ಪಕ್ಕೆಯ ಮೇಲೆ ಬಿಟ್ಟರು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಎರ್ಜುರುಮ್ ಮೇಲೆ. ಗಲ್ಲಿಪೊಲಿಯಿಂದ ಮಿತ್ರಪಡೆಗಳು ಹಿಂದೆಗೆಯುತ್ತಿದ್ದವು. ಅಲ್ಲಿ ಬಿಡುವಾಗುವ ಒಟ್ಟೋಮನ್ ಪಡೆಗಳು ವಸಂತದ ಹೊತ್ತಿಗೆ ತಮ್ಮ ಮೇಲೆ ಬರುತ್ತವೆಂದು ಯುದೆನಿಚ್ ಅರಿತರು. ಆದ್ದರಿಂದ ನಡುಚಳಿಗಾಲದಲ್ಲೇ ಹೊಡೆಯಲು ನಿಶ್ಚಯಿಸಿದರು. ಪಡೆಗಳನ್ನು ಪರ್ಷಿಯಾಕ್ಕೆ ಕಳುಹಿಸಲಾಗುತ್ತಿದೆ ಎಂಬ ಸುದ್ದಿಯನ್ನು ಬೇಕೆಂದೇ ಹರಡಲಾಯಿತು. ದಾಳಿಯ ದಿನ 1916ರ ಜನವರಿ 10. ರಷ್ಯನ್ ಪಂಚಾಂಗದ ಪ್ರಕಾರ ಆಗಷ್ಟೇ ಕ್ರಿಸ್ಮಸ್ ಮುಗಿದು ಹೊಸ ವರ್ಷಕ್ಕೆ ಕೆಲವೇ ದಿನ ಉಳಿದಿತ್ತು. ಎದುರಾಳಿ ಸೇನೆಯ ಕಮಾಂಡರ್ ಮಹಮೂದ್ ಕಾಮಿಲ್ ಪಾಷಾ ಆಗ ಇಸ್ತಾಂಬುಲ್‌ನಲ್ಲಿದ್ದರು.

ಇನ್ನು ಸಿದ್ಧತೆ. ಪ್ರತಿಯೊಬ್ಬ ಸೈನಿಕನಿಗೂ ಉಣ್ಣೆಯನ್ನು ಬಡಿದು ಮಾಡಿದ ‘ವಾಲೆಂಕಿ’ ಎಂಬ ಬೂಟು, ತುಪ್ಪಳದ ಗಿಡ್ಡ ಕೋಟು, ಹತ್ತಿ ತುಂಬಿ ಹೊಲಿದ ಷರಾಯಿ, ಕೈಗವಸು, ಹಿಮದಲ್ಲಿ ಕಾಣದಂತೆ ಮೇಲೆ ಹೊದೆಯಲು ಬಿಳಿ ಬಟ್ಟೆ; ಹಿಮದ ಬೆಳಕಿಗೆ ಕಣ್ಣು ಕುರುಡಾಗದಂತೆ ಕಪ್ಪು ಕನ್ನಡಕ. ಹವಾಮಾನ ತಿಳಿಯಲು ಸೇನೆಯದೇ ಕೇಂದ್ರಗಳು. ಎಲ್ಲಕ್ಕಿಂತ ಮಿಗಿಲಾಗಿ, ಮರವೇ ಇಲ್ಲದ ಆ ಬೋಳು ಪ್ರಸ್ಥಭೂಮಿಯಲ್ಲಿ ಪ್ರತಿ ಸೈನಿಕನ ಬೆನ್ನ ಮೇಲೆ ಎರಡು ಸೌದೆ ಕೊರಡು. ಸ್ನೇಹಿತರೇ, ಈ ಎರಡು ಕೊರಡುಗಳ ಬೆಲೆ ನನಗೆ ಗೊತ್ತು. ನಮ್ಮ ಠಾಣೆಯಲ್ಲಿ ಬುಖಾರಿ ಎನ್ನುವ ಸೀಮೆಎಣ್ಣೆ ಒಲೆ ಒಂದೇ ಇತ್ತು. ಸರಬರಾಜು ತಡವಾಗಿ ಅದು ಆರಿದ ಒಂದು ರಾತ್ರಿ, ಒದ್ದೆ ಕಾಲುಚೀಲವನ್ನು ಹೊಟ್ಟೆಯ ಮೇಲೆ, ಬನಿಯನ್ ಒಳಗೆ ಇಟ್ಟುಕೊಂಡು ಒಣಗಿಸಿದ್ದೇವೆ. ಬೆಳಿಗ್ಗೆ ಇಬ್ಬರ ಕಾಲ್ಬೆರಳು ಬಿಳಿಚಿಕೊಂಡು ಮೇಣದಂತಾಗಿದ್ದವು. ಒಂದು ರಾತ್ರಿ ಬೆಂಕಿ ಇದ್ದರೆ ಸೈನಿಕನ ಕಾಲು ಉಳಿಯುತ್ತದೆ, ಕಾಲು ಉಳಿದರೆ ಮರುದಿನ ಅವನು ನಡೆಯುತ್ತಾನೆ. ಕಚೇರಿಯಲ್ಲಿ ಕುಳಿತು ಅದನ್ನು ಮುಂಗಂಡವನು ಕಚೇರಿಯ ಜನರಲ್ ಅಲ್ಲ, ಪದಾತಿಯವನೇ.

ಎರ್ಜುರುಮ್ ಮುಂದಿನ ಕೊಪ್ರುಕೊಯ್ ರಕ್ಷಣಾ ಸಾಲು ಒಡೆದ ಮೇಲೆ ಕೋಟೆಗೆ ನುಗ್ಗಲು ಯುದೆನಿಚ್ ಅನುಮತಿ ಕೇಳಿದಾಗ, ಆ ಹೊತ್ತಿಗೆ ರಾಜಪ್ರತಿನಿಧಿಯಾಗಿ ಬಂದಿದ್ದ ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ನಿಕೊಲಾಯೆವಿಚ್ ಮೊದಲು ಒಪ್ಪಲಿಲ್ಲ. ಕೊನೆಗೆ ಹೊಣೆ ನಿಮ್ಮದೇ ಎಂದು ಒಪ್ಪಿದರು. ಕಾರ್ಸ್ ಕೋಟೆಯ ದಾಸ್ತಾನಿನಿಂದ ತೋಟಾಗಳನ್ನು ತರಿಸಲಾಯಿತು. ಕರ್ಗಪಜಾರ್ ಬೆಟ್ಟದ ಮೇಲೆ, ಸೇನೆ ದಾಟಲಾರದೆಂದು ಎದುರಾಳಿ ನಂಬಿದ್ದ ಜಾಗದಲ್ಲಿ, ಸೈನಿಕರು ಫಿರಂಗಿಗಳನ್ನು ಕೈಯಲ್ಲೇ ಎಳೆದು ಸಾಗಿಸಿದರು. ಫೆಬ್ರವರಿ 11ರಂದು ಆರಂಭವಾದ ದಾಳಿ 16ರಂದು ನಗರ ಪ್ರವೇಶದೊಂದಿಗೆ ಮುಗಿಯಿತು. ಮುನ್ನೂರಕ್ಕೂ ಹೆಚ್ಚು ಫಿರಂಗಿಗಳು ವಶವಾದವು. ಇಷ್ಟೆಲ್ಲ ಸಿದ್ಧತೆಯಿದ್ದರೂ ಸಾವಿರಾರು ರಷ್ಯನ್ ಸೈನಿಕರು ಹಿಮಕಡಿತಕ್ಕೆ ಸಿಕ್ಕಿದರು ಎಂಬುದನ್ನೂ ಸೇರಿಸಿ ಓದಬೇಕು. ಎರಡನೆಯ ದರ್ಜೆಯ ಜಾರ್ಜ್ ಪದಕ ಈ ಕೋಟೆಗೆ ಬಂದದ್ದು.

ಪ್ರತಿಕ್ರಿಯೆ: ಧಾರವಾಡದ ಓದುಗ

ಕಾಲಮಾಪಕ ಅವರಿಗೂ ಸುಬೇದಾರ್ ಸಾಹೇಬರಿಗೂ ಹೃತ್ಪೂರ್ವಕ ವಂದನೆಗಳು. ಬುಖಾರಿಯ ವಿವರವನ್ನು ಓದಿ ನಮ್ಮ ತಂದೆಯವರಿಗೂ ಓದಿ ಹೇಳಿದೆ. ಇಷ್ಟು ಮುಂದಾಲೋಚನೆಯ ವ್ಯಕ್ತಿ 1919ರಲ್ಲಿ ಏಕೆ ಸೋತರು ಎಂಬ ಪ್ರಶ್ನೆ ಈಗ ಇನ್ನೂ ಬಲವಾಗಿದೆ. ಇಂದಿನ ಇರಾಕ್‌ನ ಕುಟ್ ಪಟ್ಟಣದಲ್ಲಿ ಭಾರತೀಯ ಸೈನಿಕರು ಮುತ್ತಿಗೆಯಲ್ಲಿ ಸಿಕ್ಕಿದ್ದದ್ದೂ ಇದೇ ಚಳಿಗಾಲದಲ್ಲಲ್ಲವೇ? ಇವೆರಡಕ್ಕೂ ಏನಾದರೂ ಸಂಬಂಧವಿತ್ತೇ?

ಉತ್ತರ: ಇತಿಹಾಸದ ಅಧ್ಯಾಪಕಿ

ಕುಟ್ ವಿಷಯ ಮೊದಲು. 6ನೇ ಪೂನಾ ಡಿವಿಷನ್ 1915ರ ಡಿಸೆಂಬರ್‌ನಿಂದ ಅಲ್ಲಿ ಮುತ್ತಿಗೆಗೆ ಒಳಗಾಗಿ 1916ರ ಏಪ್ರಿಲ್ 29ರಂದು ಶರಣಾಯಿತು. ಕಾಕಸಸ್‌ನಿಂದ ಪರ್ಷಿಯಾಕ್ಕೆ ಕಳುಹಿಸಲಾಗಿದ್ದ ಬರಾತೊವ್ ಅವರ ಪಡೆ ಆ ದಿಕ್ಕಿನಿಂದ ಮೆಸೊಪೊಟೇಮಿಯಾ ಗಡಿಯತ್ತ ಬರುತ್ತಿತ್ತು, ಆದರೆ ತಲುಪುವ ಮೊದಲೇ ಕುಟ್ ಬಿದ್ದಿತು. ಮೇ ತಿಂಗಳಲ್ಲಿ ಅವರ ಕೊಸಾಕ್ ಕುದುರೆ ಸವಾರರ ಒಂದು ಸಣ್ಣ ತುಕಡಿ ಬೆಟ್ಟ ದಾಟಿ ಟೈಗ್ರಿಸ್ ದಡದ ಬ್ರಿಟಿಷ್ ಶಿಬಿರವನ್ನು ಸೇರಿತು. ಸೆರೆಯಾದ ಭಾರತೀಯ ಸೈನಿಕರಿಗೆ ಅದರಿಂದ ಉಪಯೋಗವಾಗಲಿಲ್ಲ.

ಸುಬೇದಾರ್ ಸಾಹೇಬರ ಬರಹಕ್ಕೆ ಒಂದು ಮಾತನ್ನು ಸೇರಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಯುದೆನಿಚ್ ಗೆದ್ದ ಆ ನೆಲದಲ್ಲಿ 1915ರಲ್ಲಿ ಅರ್ಮೇನಿಯನ್ನರ ನರಮೇಧ ನಡೆದಿತ್ತು. ರಷ್ಯನ್ ಪಡೆ ಎರ್ಜುರುಮ್ ಪ್ರವೇಶಿಸಿದಾಗ, ಸಾವಿರಾರು ಅರ್ಮೇನಿಯನ್ನರು ಬಾಳಿದ್ದ ನಗರದಲ್ಲಿ ಉಳಿದಿದ್ದವರು ಅತಿ ಕಡಿಮೆ ಮಂದಿ. ಅದಕ್ಕೂ ಮೊದಲಿನ ಬೇಸಿಗೆಯಲ್ಲಿ ರಷ್ಯನ್ನರು ವಾನ್ ಪಟ್ಟಣವನ್ನು ಬಿಟ್ಟು ಹಿಂದೆ ಸರಿದಾಗ ಅವರ ಹಿಂದೆಯೇ ಲಕ್ಷಾಂತರ ಜನ ಮನೆಮಠ ತೊರೆದು ನಡೆದರು, ದಾರಿಯಲ್ಲಿ ಬಹಳ ಮಂದಿ ಸತ್ತರು. ಮೂರನೆಯ ದರ್ಜೆಯ ಪದಕಕ್ಕೆ ಕಾರಣವಾದ ಕಾರ್ಯಾಚರಣೆಯೂ ಈ ವಲಸೆಯೂ ಒಂದೇ ಕೆಲವು ವಾರಗಳಲ್ಲಿ ನಡೆದವು. ನಾನು ತರಗತಿಯಲ್ಲಿ ಇವೆರಡನ್ನೂ ಬೇರೆಬೇರೆ ಮಾಡಿ ಹೇಳುವುದಿಲ್ಲ.

ಈಗ 1919. ಫೆಬ್ರವರಿ ಕ್ರಾಂತಿಯ ನಂತರ ಯುದೆನಿಚ್ ಅವರನ್ನು ಕಾಕಸಸ್ ರಣರಂಗದ ದಂಡನಾಯಕರನ್ನಾಗಿ ಮಾಡಲಾಯಿತು. ಪಡೆಗಳಿಗೆ ಆಹಾರವೂ ಮೇವೂ ಇಲ್ಲದಿರುವಾಗ ಮುನ್ನುಗ್ಗಲಾರೆನೆಂದು ತಾತ್ಕಾಲಿಕ ಸರ್ಕಾರದೊಂದಿಗೆ ಭಿನ್ನಾಭಿಪ್ರಾಯವಾಗಿ ಅದೇ ವರ್ಷ ಬೇಸಿಗೆಯ ಆರಂಭಕ್ಕೆ ಅವರನ್ನು ತೆಗೆಯಲಾಯಿತು. ಬೊಲ್ಷೆವಿಕ್ ಆಡಳಿತ ಬಂದ ಮೇಲೆ ಅವರು 1918ರ ಕೊನೆಯಲ್ಲಿ ಫಿನ್ಲೆಂಡ್ ಸೇರಿ, 1919ರಲ್ಲಿ ಎಸ್ಟೋನಿಯಾವನ್ನು ನೆಲೆಯಾಗಿಸಿಕೊಂಡಿದ್ದ ‘ಬಿಳಿಯ’ (ಅಂದರೆ ಬೊಲ್ಷೆವಿಕ್ ವಿರೋಧಿ) ವಾಯುವ್ಯ ಸೇನೆಯ ಮುಖ್ಯಸ್ಥರಾದರು.

ಕಾಕಸಸ್‌ನಲ್ಲಿ ಅವರ ಬೆನ್ನಿಗೆ ಒಂದು ಸಾಮ್ರಾಜ್ಯವಿತ್ತು. ಕಾರ್ಸ್ ಕೋಟೆಯ ದಾಸ್ತಾನು, ರೈಲುಮಾರ್ಗ, ಹಲವು ವರ್ಷಗಳಿಂದ ತಾವೇ ಬಲ್ಲ ಸಿಬ್ಬಂದಿ, ಆದೇಶವನ್ನು ಪಾಲಿಸುವ ಕಮಾಂಡರ್‌ಗಳು ಇದ್ದರು. ವಾಯುವ್ಯ ಸೇನೆಯಲ್ಲಿದ್ದವರು ಇಪ್ಪತ್ತು ಸಾವಿರಕ್ಕೂ ಕಡಿಮೆ. ಬೂಟಿನಿಂದ ಹಿಡಿದು ಕೆಲವೇ ಟ್ಯಾಂಕುಗಳವರೆಗೆ ಎಲ್ಲವೂ ಬ್ರಿಟಿಷರಿಂದ ಬರಬೇಕಿತ್ತು. ಪೆಟ್ರೊಗ್ರಾಡ್‌ಗೆ ಅತಿ ಹತ್ತಿರದ ನೆರೆಯವರಾದ ಫಿನ್ನರು ಮತ್ತು ಎಸ್ಟೋನಿಯನ್ನರು ತಮ್ಮ ಸ್ವಾತಂತ್ರ್ಯಕ್ಕೆ ಮಾನ್ಯತೆ ಕೇಳುತ್ತಿದ್ದರು. ಯುದೆನಿಚ್ ಅವರ ಮೇಲಧಿಕಾರಿಯಾದ ಅಡ್ಮಿರಲ್ ಕೊಲ್ಚಾಕ್ ‘ಅಖಂಡ ರಷ್ಯಾ’ ನಿಲುವನ್ನು ಬಿಡಲೊಪ್ಪಲಿಲ್ಲ. ಬ್ರಿಟಿಷ್ ಜನರಲ್ ಮಾರ್ಷ್ ಅವರ ಒತ್ತಡದಿಂದ ಆಗಸ್ಟ್‌ನಲ್ಲಿ ಅವಸರದಿಂದ ರಚಿಸಿದ ವಾಯುವ್ಯ ಸರ್ಕಾರ ಎಸ್ಟೋನಿಯಾವನ್ನು ಮಾನ್ಯ ಮಾಡಿದರೂ ಆ ಮಾತನ್ನು ನಂಬಿದವರು ಕಡಿಮೆ. ಯಾರದೋ ನೆಲದಲ್ಲಿ ನಿಂತು, ಆ ನೆಲದವರ ಹಕ್ಕನ್ನೇ ಒಪ್ಪದೆ ಯುದ್ಧ ಮಾಡಿದ್ದು ಅವರ ಸೋಲಿನ ಮೂಲವೆಂದು ನನ್ನ ಅಭಿಪ್ರಾಯ.

ಅಕ್ಟೋಬರ್‌ನಲ್ಲಿ ಯಾಂಬುರ್ಗ್, ಗಾತ್ಚಿನಾ, ಪಾವ್ಲೊವ್ಸ್ಕ್, ತ್ಸಾರ್ಸ್ಕೊಯೆ ಸೆಲೊ ಒಂದಾದ ಮೇಲೊಂದರಂತೆ ವಶವಾದವು. ಪಡೆ ಪುಲ್ಕೊವೊ ಎತ್ತರದ ಅಂಚಿಗೆ ತಲುಪಿತು. ಬೊಲ್ಷೆವಿಕರ ಕೆಂಪು ಸೇನೆಯ ನಾಯಕ ಟ್ರಾಟ್ಸ್ಕಿ ಪೆಟ್ರೊಗ್ರಾಡ್‌ಗೆ ಬಂದು ರಕ್ಷಣೆಯ ಹೊಣೆ ಹೊತ್ತರು. ಆಗ ನಿರ್ಣಾಯಕವಾದದ್ದು ತೋಸ್ನೊ ಎಂಬ ರೈಲು ನಿಲ್ದಾಣ. ಮಾಸ್ಕೋದಿಂದ ಪೆಟ್ರೊಗ್ರಾಡ್‌ಗೆ ಬರುವ ಮುಖ್ಯ ಮಾರ್ಗವನ್ನು ಅಲ್ಲಿ ಕತ್ತರಿಸಲು ಜನರಲ್ ವೆತ್ರೆಂಕೊ ಅವರ ಡಿವಿಷನ್‌ಗೆ ಆದೇಶವಿತ್ತು. ಅದು ನಡೆಯಲಿಲ್ಲ. ರೈಲುಗಳು ಕೆಂಪು ಸೇನೆಯ ಹೊಸ ಪಡೆಗಳನ್ನು ಹಗಲಿರುಳು ತಂದಿಳಿಸಿದವು.

ನವೆಂಬರ್ ಮಧ್ಯಭಾಗಕ್ಕೆ ಸೇನೆ ನಾರ್ವಾ ಬಳಿ ಎಸ್ಟೋನಿಯಾ ಗಡಿಗೆ ಮರಳಿತು. ಎಸ್ಟೋನಿಯಾ ಅವರ ಆಯುಧಗಳನ್ನು ಕಿತ್ತುಕೊಂಡಿತು. ಶಿಬಿರಗಳಲ್ಲಿ ಟೈಫಸ್ ಜ್ವರ ಹರಡಿ ಸಾವಿರಾರು ಸೈನಿಕರೂ ನಿರಾಶ್ರಿತರೂ ಸತ್ತರು. ಎರ್ಜುರುಮ್‌ಗೆ ಹೊರಟಾಗ ಪ್ರತಿಯೊಬ್ಬನ ಬೆನ್ನಿಗೆ ಸೌದೆ ಕಟ್ಟಿಸಿದ ಅದೇ ವ್ಯಕ್ತಿಯ ಕೈಯಲ್ಲಿ ಈಗ ಅವರಿಗೆ ಸೂರು ಕೊಡುವ ಅಧಿಕಾರವೂ ಉಳಿದಿರಲಿಲ್ಲ.

ಉತ್ತರ: ಮಡಿಕೇರಿ ಸುಬೇದಾರ್

ಅಧ್ಯಾಪಕಿ ಮೇಡಂ ಅವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ವಾನ್ ನಿರಾಶ್ರಿತರ ವಿಷಯ ನಾನು ಬಿಡಬಾರದಿತ್ತು. ತೋಸ್ನೊ ಕುರಿತು ಮಾತ್ರ ಒಂದು ಮಾತು. ಸರಿಕಮಿಷ್‌ನಲ್ಲಿ ರೈಲು ನಿಲ್ದಾಣ ಉಳಿದದ್ದರಿಂದ ಯುದೆನಿಚ್ ಗೆದ್ದರು. ತೋಸ್ನೊದಲ್ಲಿ ರೈಲು ನಿಲ್ದಾಣ ಎದುರಾಳಿಗೆ ಉಳಿದದ್ದರಿಂದ ಸೋತರು. ಸರಿಕಮಿಷ್‌ನಲ್ಲಿ ಅವರು ಸ್ವತಃ ಕೋರ್‌ನೊಂದಿಗಿದ್ದರು, 1919ರಲ್ಲಿ ಡಿವಿಷನ್ ಕಮಾಂಡರ್‌ಗಳು ಅವರ ಮಾತನ್ನು ತಮಗೆ ಬೇಕಾದಂತೆ ನಡೆಸಿದರು. 1920ರ ಜನವರಿಯಲ್ಲಿ ಬುಲಾಕ್-ಬಲಖೊವಿಚ್ ಎಂಬ ಅವರದೇ ಪಡೆಯ ಮಾಜಿ ಕಮಾಂಡರ್ ಅವರನ್ನು ಬಂಧಿಸಿದ್ದ. ಮಿತ್ರರಾಷ್ಟ್ರಗಳ ಪ್ರತಿನಿಧಿಗಳು ಮಧ್ಯೆ ಬಂದು ಬಿಡಿಸಬೇಕಾಯಿತು.

ಉತ್ತರ: ಕಾಲಮಾಪಕ

ಕೊನೆಯ ವಿವರವನ್ನು ನಾನು ಸೇರಿಸುತ್ತೇನೆ. ಯುದೆನಿಚ್ ಆಮೇಲೆ ಫ್ರಾನ್ಸಿಗೆ ಹೋಗಿ ದಕ್ಷಿಣದ ಕಡಲ ತೀರದಲ್ಲಿ ನೆಲೆಸಿದರು, ವಲಸಿಗರ ರಾಜಕೀಯದಿಂದ ಬಹುಮಟ್ಟಿಗೆ ದೂರವೇ ಉಳಿದರು. 1933ರ ಅಕ್ಟೋಬರ್ 5ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ನೀಸ್ ನಗರದ ರಷ್ಯನ್ ಸ್ಮಶಾನದಲ್ಲಿದೆ.